ಮಹಾ ಅಡ್ಮಿನ್

ಕಂಪ್ಯೂಟರ್ ಅಕೌಂಟುಗಳನ್ನು ವಹಿಸಿಕೊಡುವ ಪಟ್ಟಿಯ ಮೂರನೆಯ ಸಾಲಿಗೆ ಬಂದ ಪೈಲಿಂಗ್, ಸಹಿಯ ಬದಲು ಒತ್ತಲೆಂದು ಎತ್ತಿದ್ದ ತನ್ನ ಹೆಸರಿನ ಮೊಹರನ್ನು ಕೆಳಗಿಟ್ಟಳು.

"ಶೆನ್ ಅಕ್ಕ, ಯಜಮಾನರ ಅಕೌಂಟಿಗೆ 'ಮಹಾ ಅಡ್ಮಿನ್' ಅಂತ ಹೆಸರಿದೆ. ಒಳಗೆ ನೋಡಿದ್ರೆ ಪ್ಯಾಕಿಂಗ್ ಹುಡುಗೀರಿಗೆ ಇರೋ ಅಧಿಕಾರಾನೇ ಇರೋದು. ಅದರಿಂದ ಒಂದು ಪ್ರಿಂಟರ್ ಸೇರಿಸೋಕೂ ಆಗಲ್ಲ."

"ಒಂಬತ್ತು ವರ್ಷದಲ್ಲಿ ಅವರು ಯಾವತ್ತು ಪ್ರಿಂಟರ್ ಸೇರಿಸೋಕೆ ಹೋಗಿದ್ರು, ಹೇಳು?"

ತೈಚುಂಗ್ ನಗರದ ಆ ಅನಾನಸ್ ಕೇಕ್ ಕಾರ್ಖಾನೆಯ ಕಂಪ್ಯೂಟರುಗಳು ಇಪ್ಪತ್ತು ವರ್ಷ ಶೆನ್ ಅಕ್ಕನ ಕೈಯಲ್ಲಿದ್ದವು. ಇವತ್ತು ಅವಳ ಕೊನೆಯ ದಿನ, ನಾಳೆಯಿಂದ ಪೈಲಿಂಗ್ ನೋಡಿಕೊಳ್ಳಬೇಕು. ಒಂಬತ್ತು ವರ್ಷದ ಹಿಂದೆ, ಹುಣ್ಣಿಮೆ ಹಬ್ಬಕ್ಕೆ ಹತ್ತೇ ದಿನ ಇರುವಾಗ, ಯಜಮಾನ ಪೆಂಗ್ ಕಂಪ್ಯೂಟರಿನಲ್ಲಿ ಜಾಗ ಮಾಡಲು ಹೋಗಿ ಹಬ್ಬದ ಆರ್ಡರುಗಳನ್ನೆಲ್ಲ ಅಳಿಸಿಹಾಕಿದ್ದರು. ಹಾಗಂತ ಅಧಿಕಾರ ಕಿತ್ತುಕೊಂಡರೆ ಕೆಲಸಗಾರರೆದುರು ಅವರ ಮರ್ಯಾದೆ ಏನಾಗಬೇಕು? ಶೆನ್ ಅಕ್ಕ ಸದ್ದಿಲ್ಲದೆ ಹೆಸರನ್ನು ದೊಡ್ಡದು ಮಾಡಿ ಅಧಿಕಾರವನ್ನು ಚಿಕ್ಕದು ಮಾಡಿದ್ದಳು. ಅಂದಿನಿಂದ ಎಲ್ಲರೂ ಸುಖವಾಗಿದ್ದರು.

ಪೈಲಿಂಗ್ ಮಾತ್ರ ಒಪ್ಪಲಿಲ್ಲ. ಸುಳ್ಳು ಪಟ್ಟಿಗೆ ಮೊಹರು ಒತ್ತುವುದಿಲ್ಲ ಎಂದುಬಿಟ್ಟಳು. ಶೆನ್ ಅಕ್ಕ ಮೂರನೆಯ ಸಾಲನ್ನು 'ಸಾಮಾನ್ಯ ಬಳಕೆದಾರ' ಎಂದು ತಿದ್ದಿದಳು. ಪಟ್ಟಿಯ ಕೊನೆಗೆ ಯಜಮಾನರ ಮೊಹರೂ ಬೀಳಬೇಕಿತ್ತು. ಇಪ್ಪತ್ತು ವರ್ಷದ ನಂಬಿಕೆ ಕೊನೆಯ ದಿನವೇ ಮಣ್ಣುಪಾಲಾಗುತ್ತದೆಂದು ಅವಳಿಗೆ ನಿಜಕ್ಕೂ ಭಯವಾಯಿತು.

ಅಷ್ಟರಲ್ಲಿ ಪೆಂಗ್ ಹಸಿರು ಬಣ್ಣದ ಕುರುಕಲು ಪೊಟ್ಟಣ ಹಿಡಿದು ಬಂದರು. ಅಲ್ಲಿನವರ ನಂಬಿಕೆಯಂತೆ ಯಂತ್ರ ಹಟ ಮಾಡದಿರಲೆಂದು ದೊಡ್ಡ ಕಂಪ್ಯೂಟರಿನ ತಲೆಯ ಮೇಲೆ ಅದನ್ನಿಡುವುದು, ತಾರೀಖು ಮುಗಿಯುವ ಮೊದಲು ಬದಲಿಸುವುದು ಅವರದೇ ಕೆಲಸ. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಹಳೆಯದನ್ನು ಇಳಿಸಿ, ಹೊಸದನ್ನು ನೆಟ್ಟಗೆ ನಿಲ್ಲಿಸಿ, ಪಟ್ಟಿ ಓದತೊಡಗಿದರು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

"ಯಜಮಾನ್ರೇ, ಅದು..." ಎಂದಳು ಶೆನ್ ಅಕ್ಕ.

"ಎಂಟು ವರ್ಷದಿಂದ ಗೊತ್ತಮ್ಮ. ಒಂದಿನ ಏನೋ ಅಳಿಸೋಕೆ ಹೋದೆ, ಆಗಲ್ಲ ಅಂತು. ಆವತ್ತಿಂದ ನೆಮ್ಮದಿಯಾಗಿ ನಿದ್ದೆ ಮಾಡ್ತಿದೀನಿ."

ಶೆನ್ ಅಕ್ಕನ ಎದೆಯ ಭಾರ ಇಳಿಯಿತು. ಪೆಂಗ್ ಮೊಹರು ಒತ್ತಿ, ಹಳೆಯ ಪೊಟ್ಟಣವನ್ನು ಹರಿದು ಮೊದಲು ಅವಳ ಮುಂದೆ ಹಿಡಿದರು. ಆಮೇಲೆ ಪೈಲಿಂಗ್ ಕಡೆ ತಿರುಗಿ ದನಿ ತಗ್ಗಿಸಿದರು.

"ಕಂಪ್ಯೂಟರಲ್ಲಿ ಆ ಹೆಸರು ಮಾತ್ರ ಹಾಗೇ ಇರ್ಲಮ್ಮ. ನಮ್ಮನೆಯವಳಿಗೆ ತೋರಿಸಿಬಿಟ್ಟಿದೀನಿ."