ಹೇಳದೆ ಉಳಿದ ಮೂರು ಪದ

“ಐದು ಪದ ಕೊಟ್ಟಿದ್ದೆನಲ್ಲ, ಈಗ ಹೇಳಿ ನೋಡೋಣ,” ಅಂದರು ಡಾಕ್ಟರ್ ವಿಟ್ಮರ್.

ಲವೆಲ್ ಗ್ರಿಗ್ಸ್‌ಬಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ನಲವತ್ತಾರರ ಆಳು, ಇನ್ನೂ ಬಾಗಿಲು ತುಂಬುವಷ್ಟು ಅಗಲ. ಹತ್ತು ವರ್ಷ ದೊಡ್ಡ ಅಮೆರಿಕನ್ ಫುಟ್‌ಬಾಲ್ ಟೀಮಿನ ಡಿಫೆನ್ಸ್‌ನಲ್ಲಿ ಆಡಿದವನು. ಚೆಂಡು ಅವುಚಿಕೊಂಡು ನುಗ್ಗಿ ಬಂದವನಿಗೆ ಎದುರು ನುಗ್ಗಿ, ತಲೆ ಕೊಟ್ಟು ಕೆಡಹುವುದೇ ಅವನ ಉದ್ಯೋಗವಾಗಿತ್ತು.

“ಕೊಡೆ,” ಅಂದ. ಬಹಳ ಹೊತ್ತಿನ ಮೇಲೆ, “ಹಾಲು.” ಆಮೇಲೆ ನಕ್ಕುಬಿಟ್ಟ. “ಮಿಕ್ಕಿದ್ದು ಚೆಂಡು ಹಿಡ್ಕೊಂಡು ಓಡೋದ್ವು ಡಾಕ್ಟ್ರೇ, ಕೈಗೆ ಸಿಗ್ಲಿಲ್ಲ.”

ಪಕ್ಕದಲ್ಲಿದ್ದ ಹೆಂಡತಿ ಶರೀಸ್‌ಗೆ ನಗು ಬರಲಿಲ್ಲ. ದೇವರು ಕ್ಷಮಿಸಲಿ, ಅವಳಿಗೆ ಸಮಾಧಾನವಾಯಿತು. ಐದರಲ್ಲಿ ಎರಡೇ. ಗಡಿಯಾರ ಬರೆ ಅಂದರೆ ಹನ್ನೆರಡು ಅಂಕಿಗಳನ್ನೂ ಒಂದೇ ಮಗ್ಗುಲಿಗೆ ತುರುಕಿದ್ದ. ಇಷ್ಟು ಕಂಡ ಮೇಲೆ ಯಾರು ಇಲ್ಲವೆಂದಾರು? ಇದು ಮರೆವಿನ ರೋಗ ಎಂದು ಬರೆದು ಡಾಕ್ಟರು ಒಂದು ಸಹಿ ಹಾಕಿದರೆ ಸಾಕು, ಹಳೆಯ ಆಟಗಾರರ ನಿಧಿಯಿಂದ ಹಗಲು ಹೊತ್ತು ಮನೆಗೆ ಒಬ್ಬ ನರ್ಸ್ ಬರುತ್ತಾಳೆ. ಶರೀಸ್ ಶಾಲೆಯ ಬಸ್ಸು ಓಡಿಸುವವಳು, ಮನೆಯಲ್ಲಿ ಕೂತು ಕಾಯುವಂತಿಲ್ಲ. ಹೋದ ವಾರ ಅವಳು ಕೆಲಸಕ್ಕೆ ಹೋಗಿದ್ದಾಗ, ಬೀನ್ಸ್ ಪಾತ್ರೆಯನ್ನು ಉರಿಯುವ ಒಲೆಯ ಮೇಲೆ ಬಿಟ್ಟು ಲವೆಲ್ ಹೆದ್ದಾರಿಗೆ ಹೋಗಿದ್ದ. ಎದುರು ಬರುವ ಲಾರಿಗೆ ಮೊಣಕಾಲು ಬಗ್ಗಿಸಿ, ಕೈ ಚಾಚಿ, ಕೆಡಹಲು ಸಜ್ಜಾಗಿ ನಿಂತಿದ್ದನಂತೆ.

ಡಾಕ್ಟರು ಕಡತದಿಂದ ಹಳೆಯ ಹಾಳೆಯೊಂದನ್ನು ತೆಗೆದರು. “ಇದು ಇಪ್ಪತ್ತನಾಲ್ಕು ವರ್ಷದ ಹಿಂದಿನದು, ಜುಲೈ ತಿಂಗಳದು. ಆ ವರ್ಷದ ಆಟಗಳು ಶುರುವಾಗೋ ಮುಂಚೆ ಟೀಮಿನವರು ಇದೇ ಪರೀಕ್ಷೆ ಮಾಡಿದ್ದಾರೆ. ಐದು ಪದದಲ್ಲಿ ಇವರು ಹೇಳಿರೋದು ಬೆಣ್ಣೆ, ನಿಂಬೆ, ಎರಡೇ. ಗಡಿಯಾರಾನೂ ಹೆಚ್ಚುಕಮ್ಮಿ ಹೀಗೇ ಇದೆ. ಇವತ್ತಿನದನ್ನ ಅವರದೇ ಹಳೇದರ ಜೊತೆ ಹೋಲಿಸ್ಬೇಕು ಅನ್ನೋದು ನಿಯಮ ಮೇಡಂ. ಆಗ ಎರಡು, ಈಗ ಎರಡು. ಏನೂ ಕಡಿಮೆ ಆಗಿಲ್ಲ.”

ಶರೀಸ್‌ಗೆ ಆ ಜುಲೈ ಸಂಜೆ ಕಣ್ಣಿಗೆ ಕಟ್ಟಿತು. “ನನ್ನಂಥ ಪೆದ್ದ ಇವತ್ತು ಇಡೀ ಲೂಸಿಯಾನದಲ್ಲೇ ಇರ್ಲಿಲ್ಲ ಕಣೇ!” ಎಂದು ಕುಣಿಯುತ್ತಲೇ ಮನೆಗೆ ಬಂದಿದ್ದ. ಟೀಮಿನ ಹಿರಿಯನೊಬ್ಬ ಗುಟ್ಟು ಹೇಳಿಕೊಟ್ಟಿದ್ದನಂತೆ: ಈಗ ಬೇಕೆಂದೇ ತಪ್ಪು ಹೇಳಿಬಿಡು, ನಾಳೆ ತಲೆಗೆ ಏಟು ಬಿದ್ದು ಮಂಕಾದಾಗ ಮತ್ತೆ ಪರೀಕ್ಷೆ ಮಾಡುತ್ತಾರೆ, ಅಂಕ ಜುಲೈನಷ್ಟೇ ಬಂದರೆ ಹೆಲ್ಮೆಟ್ ಹಾಕಿ ಒಳಗೆ ಕಳಿಸುತ್ತಾರೆ, ಇಲ್ಲದಿದ್ದರೆ ಕೂರಿಸಿ ನಿನ್ನ ಜಾಗ ಬೇರೆಯವನಿಗೆ ಕೊಡುತ್ತಾರೆ. ಗುಟ್ಟು ಫಲಿಸಿತ್ತು. ನಾಲ್ಕು ಸಲ ತಲೆಗೆ ಬಿದ್ದು ಮೈದಾನ ಯಾವುದೆಂದು ತಿಳಿಯದಾದಾಗಲೂ ನಾಲ್ಕು ಸಲವೂ ಒಳಗೆ ಹೋಗಿದ್ದ. ಆ ಸಂಜೆ ಶರೀಸ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ಅವಳನ್ನು ಸುಡುತ್ತಿದ್ದುದು ಅದೇ ನಗು.

“ಅದು ಸುಳ್ಳು ಡಾಕ್ಟ್ರೇ! ಬೇಕಂತ್ಲೇ ತಪ್ಪು ಹೇಳಿದ್ದ. ಎಲ್ರೂ ಹಾಗೇ ಮಾಡ್ತಿದ್ರು. ಪರೀಕ್ಷೆ ಮಾಡೋರಿಗೂ ಗೊತ್ತಿತ್ತು, ಗೊತ್ತಿಲ್ಲದೋರ ಥರ ಇದ್ರು.”

ಡಾಕ್ಟರು ಎತ್ತಿದ ಪೆನ್ನನ್ನು ಮೇಜಿನ ಮೇಲೆ ಇಟ್ಟರು. “ಬೇಕಂತಲೇ ಅಂತ ಬರೀಲಾ ಮೇಡಂ? ಬರೆದ್ರೆ ಇವರು ಮೋಸ ಮಾಡಿದ್ರು ಅಂತ ಆಗುತ್ತೆ. ಅರ್ಜೀನೇ ವಜಾ ಮಾಡ್ತಾರೆ. ಬರೀದಿದ್ರೆ ಮೊದಲಿಂದಾನೂ ಹೀಗೇ ಇದ್ರು ಅಂತ ಆಗುತ್ತೆ. ನೀವೇ ಹೇಳಿ, ಯಾವುದನ್ನ ಬರೀಲಿ?”

“ನಾನು ಸುಳ್ಳು ಹೇಳೋನಲ್ಲ,” ಅಂದ ಲವೆಲ್, ಮುಖ ಬಿಗಿದುಕೊಂಡು.

ಡಾಕ್ಟರು ಕೆಟ್ಟವರೇನಲ್ಲ. ಹಳೆಯ ಹಾಳೆಯ ನಕಲೊಂದನ್ನು ಕೊಟ್ಟು, ತಾವೇ ಎದ್ದು ಬಾಗಿಲು ತೆರೆದರು. ಶರೀಸ್ ಅದನ್ನು ನೋಡದೆ ಮಡಚಿ ಚೀಲಕ್ಕೆ ತುರುಕಿದಳು.

ಕಾರಿನಲ್ಲಿ ಅವನಿಗೆ ಬೆಲ್ಟ್ ಹಾಕಿ, ತಾನೂ ಸ್ಟಿಯರಿಂಗ್ ಹಿಂದೆ ಕೂತಳು. ಬಿಸಿಲಿಗೆ ಸೀಟು ಕಾದಿತ್ತು. ನಾಳೆ ಬೆಳಗ್ಗೆ ಆರಕ್ಕೆ ಬಸ್ಸು ತೆಗೆಯಬೇಕು, ಇವನನ್ನು ಯಾರ ಕೈಗೆ ಒಪ್ಪಿಸುವುದು?

“ಗರಗಸ,” ಅಂದ ಲವೆಲ್ ಇದ್ದಕ್ಕಿದ್ದಂತೆ. “ಕಂಬಳಿ. ತುತ್ತೂರಿ.”

“ಏನದು?”

“ಅವತ್ತು ಪರೀಕ್ಷೇಲಿ ಹೇಳದೆ ಬಿಟ್ಟಿದ್ದು. ಮೂರೂ ನಾಲಿಗೆ ತುದೀಲೇ ಇದ್ವು. ಹಲ್ಲು ಕಚ್ಚಿ ನುಂಗ್ಬಿಟ್ಟೆ.”

ಅವಳು ಚೀಲದಿಂದ ಹಾಳೆ ತೆಗೆದು ಬಿಡಿಸಿದಳು. ಬೆಣ್ಣೆ, ನಿಂಬೆಗಳ ಕೆಳಗೆ ತಪ್ಪು ಗುರುತು ಬಿದ್ದ ಮೂರು ಪದಗಳಿದ್ದವು. ಗರಗಸ, ಕಂಬಳಿ, ತುತ್ತೂರಿ. ಇಗೋ ಸಾಕ್ಷಿ! ಓಡಿಹೋಗಿ ಡಾಕ್ಟರ ಮುಖಕ್ಕೆ ಹಿಡಿಯಬೇಕೆಂದು ಕೈ ಬಾಗಿಲಿನ ಹಿಡಿಗೆ ಹೋಯಿತು, ಅಲ್ಲೇ ನಿಂತಿತು. ಇಪ್ಪತ್ತನಾಲ್ಕು ವರ್ಷದ ಹಿಂದಿನ ಪದಗಳು ಅಕ್ಷರ ತಪ್ಪದೆ ನೆನಪಿವೆ ಅಂದರೆ, ಹಾಗಾದರೆ ಇವನಿಗೆ ಯಾವ ಮರೆವು ಎಂದು ಕೇಳುತ್ತಾರೆ.

ಲವೆಲ್ ಸುತ್ತಮುತ್ತ ಕಣ್ಣು ಹಾಯಿಸಿದ. ಅವಳತ್ತ ಬಾಗಿ, ಪರಿಚಯವಿಲ್ಲದವರ ಮುಂದೆ ತೋರುವ ಮರ್ಯಾದೆಯಲ್ಲಿ ದನಿ ತಗ್ಗಿಸಿ ಅಂದ:

“ಯಾರಿಗೂ ಹೇಳ್ಬೇಡಿ ಮೇಡಂ. ನಮ್ಮ ಶರೀಸ್ ಒಬ್ಳಿಗೇ ಗೊತ್ತು. ಅವಳು ಪ್ರಾಣ ಹೋದ್ರೂ ಬಾಯಿ ಬಿಡಲ್ಲ.”