ನಿಶ್ಚಿತಾರ್ಥದ ಭಾಷಣ

"ನಿಲ್ಸೇ ಅದನ್ನ! ಒಳ್ಳೆ ಮಾತಾಡು ಅಂದ್ರೆ ಜಗಳಕ್ಕೆ ನಿಂತಂಗಿದೀನಿ!" ಭಾಷಣದ ಅಭ್ಯಾಸಕ್ಕೆಂದು ತೆಗೆದ ವೀಡಿಯೊದಲ್ಲಿ ತಮ್ಮನ್ನೇ ಕಂಡು ಶೇಷಗಿರಿ ಮಗಳನ್ನು ಗದರಿದರು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರಗಳ ಸದ್ದು ಮೀರಿಸಿ ಹದಿನೈದು ವರ್ಷ ಕೂಗಿದ ಗಂಟಲು ಅದು. "ಭಾನುವಾರ ವಿಜಯವಾಡದಲ್ಲಿ ನಾನು ಬಾಯೇ ಬಿಡಲ್ಲ. ಬೀಗರು ಹೆದರಿ ಸಂಬಂಧಾನೇ ಬಿಟ್ಟಾರು."

ಮಗಳು ಮಧುರಾ, ಮಂಗಳಗಿರಿಯಿಂದ ತನ್ನನ್ನು ಮದುವೆಯಾಗಲಿರುವ ಹುಡುಗ ಕಳಿಸಿದ್ದ ಸಿಡಿ ಹಾಕಿದಳು. ಅವನ ತಂದೆ ಈಶ್ವರಯ್ಯನವರೂ ಭಾಷಣ ಅಭ್ಯಾಸ ಮಾಡುತ್ತಿದ್ದರು. ಹಿಂದೆ ಮಗ್ಗಗಳು ಬಡಿಯುತ್ತಿದ್ದವು. ಅವನ್ನೂ ಮೀರಿಸಿ ಅವರು ಬೀಗರನ್ನು ತೆಲುಗಿನಲ್ಲಿ ಕರೆಯುತ್ತ ಅರಚಿದರು: "ಬಾವಗಾರೂ, ನಮಸ್ಕಾರಂ!"

ಸಿಡಿಯ ಕವರಿನ ಮೇಲೆ ಹುಡುಗ ಬರೆದಿದ್ದ: "ಅಪ್ಪ ಜಗಳ ಆಡುತ್ತಿಲ್ಲ ಅಂತ ಮಾವನವರಿಗೆ ಹೇಳು."

ಶೇಷಗಿರಿ ನಿಡಿದಾಗಿ ಉಸಿರುಬಿಟ್ಟು ಎದ್ದು ನಿಂತರು.

"ಮೊದಲಿಂದ ತೆಗಿಯಮ್ಮ. ಈ ಸಲ ಇನ್ನೂ ಜೋರಾಗಿ ಹೇಳ್ತೀನಿ. ಪಾಪ, ಬೀಗರಿಗೂ ಕೇಳಿಸ್ಬೇಕಲ್ಲ!"