ಕಿವಿ ಮುಳುಗಿದ ಹೊತ್ತು

ಬೆನ್ನ ಕೆಳಗಿನಿಂದ ವಿನೋದಾ ಕೈ ತೆಗೆದದ್ದು ಸುವರ್ಣಾಳಿಗೆ ಗೊತ್ತೇ ಆಗಲಿಲ್ಲ. ಕೊಲ್ಲಿ ನಾಡಿನ ಖುರುಮ್‌ನ ಕ್ಲಬ್ಬಿನ ಈಜುಕೊಳದಲ್ಲಿ ಅವಳು ಅಂಗಾತ ತೇಲುತ್ತಿದ್ದಳು. ಕಿವಿಗಳೆರಡೂ ನೀರಿನೊಳಗೆ, ಕಣ್ಣು ಆಕಾಶದಲ್ಲಿ. ಮಂಗಳವಾರ ಸಂಜೆ ನಾಲ್ಕರಿಂದ ಆರರವರೆಗೆ ಕೊಳ ಹೆಂಗಸರಿಗೆ ಮೀಸಲು. ಚಳಿ ಕಡಿಮೆಯಾದಂದಿನಿಂದ ತಪ್ಪದೆ ಬರುತ್ತಿದ್ದರೂ ಒಂದು ದಿನವೂ ಅವಳು ಅಂಚಿನ ಕಂಬಿ ಬಿಟ್ಟವಳಲ್ಲ. ಇವತ್ತು ಬಿಟ್ಟಿದ್ದಳು. ವಿನೋದಾ ಸದ್ದಿಲ್ಲದೆ ಹಿಂದೆ ಸರಿದು ಗೋಡೆಗೆ ಒರಗಿ, ತಾನೇ ಮೊದಲ ಸಲ ತೇಲಿದಷ್ಟು ಹಿಗ್ಗಿನಿಂದ ನೋಡುತ್ತಾ ನಿಂತಳು.

ಏಳು ತಿಂಗಳು ಹೊತ್ತ ಹೆಣ್ಣುಮಗು ಹೊಟ್ಟೆಯಲ್ಲೇ ತೀರಿಕೊಂಡ ಮೇಲೆ ಸುವರ್ಣಾಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗಂಡ ಬಸವಕುಮಾರ ಡಾಕ್ಟರನ್ನು ಬದಲಾಯಿಸಿದ, ಮಾತ್ರೆ ಬದಲಾಯಿಸಿದ, ಮಲಗುವ ಕೋಣೆಯನ್ನೂ ಬದಲಾಯಿಸಿದ. ಕೊನೆಗೆ ಕೆಳಗಿನ ಮನೆಯ ವಿನೋದಾ, ಉಡುಪಿಯ ಕಡೆ ಹೊಳೆಯಲ್ಲಿ ಈಜಿ ಬೆಳೆದ ಐವತ್ತರ ಹೆಂಗಸು, ಬಾಗಿಲಿಗೆ ಬಂದು ನಿಂತಿದ್ದಳು. "ನೀರಿಗೆ ಬನ್ನಿ ನನ್ನೊಟ್ಟಿಗೆ. ಮೈ ದಣಿದ್ರೆ ನಿದ್ರೆ ಅದಾಗಿಯೇ ಬರ್ತದೆ."

ಗುಡ್ಡಗಳ ಹಿಂದಿನಿಂದ ಗಾಳಿ ಎದ್ದಿತು. ಮಧ್ಯಾಹ್ನ ಧೂಳಿನ ಬಣ್ಣದಲ್ಲಿದ್ದ ಮೋಡ ಈಗ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಕ್ಲಬ್ಬಿನ ಮೇಲೆ ಬಾಗಿತ್ತು. ಗುಡುಗಿತು. ಕಾವಲಿನ ಎತ್ತರದ ಕುರ್ಚಿಯಿಂದ ಝೊಹರಾ ಸೀಟಿ ಊದಿದಳು. ಗುಡುಗು ಕೇಳಿದರೆ ಯಾರೂ ನೀರಿನಲ್ಲಿರುವಂತಿಲ್ಲ. ಕೊನೆಯ ಗುಡುಗು ನಿಂತು ಅರ್ಧ ಗಂಟೆಯಾಗುವವರೆಗೆ ಕೊಳ ಮುಚ್ಚಿರಬೇಕು. "ಯಲ್ಲಾ, ಯಲ್ಲಾ, ಸಬ್ ಬಾಹರ್!" ಹೆಂಗಸರು ಟವೆಲು ಹುಡುಕುತ್ತಾ ಮೇಲೆ ಹತ್ತಿದರು. ಸುವರ್ಣಾ ಮಾತ್ರ ಅಲ್ಲಾಡಲಿಲ್ಲ. ಗಾಳಿ ಅವಳನ್ನು ಎಲೆಯಂತೆ ನಿಧಾನವಾಗಿ ಆಳದ ಕಡೆಗೆ ಒಯ್ಯುತ್ತಿತ್ತು.

ಝೊಹರಾ ಕೆಳಗಿಳಿದು ಓಡಿಬಂದು ಮತ್ತೆ ಸೀಟಿಯನ್ನು ತುಟಿಗಿಟ್ಟಳು. ವಿನೋದಾ ನೀರಿನಿಂದಲೇ ಕೈ ಎತ್ತಿ ತಡೆದಳು. ಬೆಚ್ಚಿದರೆ ಸುವರ್ಣಾಳ ಮೈ ಬಿಗಿಯುತ್ತದೆ. ಬಿಗಿದರೆ ಅವಳು ಮುಳುಗುತ್ತಾಳೆ. "ಚಿಲ್ಲಾವ್ ಮತ್. ಮೈಂ ಲಾತೀ ಹೂಂ." ಕೂಗಬೇಡ, ತಾನೇ ಕರೆತರುತ್ತೇನೆ ಎಂದಳು. ಝೊಹರಾ ಒಮ್ಮೆ ಮೋಡ ನೋಡಿದಳು, ಒಮ್ಮೆ ವಿನೋದಾಳನ್ನು. ಆಮೇಲೆ ಮುಳುಗುವವರಿಗೆ ಎಸೆಯುವ ರಬ್ಬರಿನ ಟ್ಯೂಬು ಹಿಡಿದು ಅಂಚಿನಲ್ಲಿ ಮಂಡಿಯೂರಿ ಕುಳಿತಳು.

ನೀರು ಕಲಕದಂತೆ ವಿನೋದಾ ಈಜಿದಳು. ಎರಡನೆಯ ಗುಡುಗು ಹತ್ತಿರದಲ್ಲೇ ಆಯಿತು. ಅವಳ ಹಲ್ಲುಗಳು ತಾವಾಗಿಯೇ ಕಚ್ಚಿಕೊಂಡವು. ಸುವರ್ಣಾಳ ಮುಖದಲ್ಲಿ ಮಾತ್ರ ಯಾವ ಗೆರೆಯೂ ಇರಲಿಲ್ಲ. ಅವಳು ಮೋಡವನ್ನು ಯಾರೋ ಪರಿಚಯದವರೆಂಬಂತೆ ನೋಡುತ್ತಿದ್ದಳು. ವಿನೋದಾ ಕತ್ತಿನ ಕೆಳಗೆ ಅಂಗೈ ಇಟ್ಟು ತಲೆಯನ್ನು ತುಸು ಎತ್ತಿದಾಗ ಕಣ್ಣು ಹೊರಳಿಸಿ ನಕ್ಕಳು.

"ವಿನೋದಕ್ಕಾ, ನೀವು ಕೈ ಬಿಟ್ಟಿದ್ರಿ ಏನು?"

"ಈಗ ಹಿಡ್ದಿದ್ದೇನೆ. ಮಾತಾಡ್ಬೇಡಿ, ಹಾಗೇ ಇರಿ."

ಮೆಟ್ಟಿಲಿನ ಹತ್ತಿರ ಝೊಹರಾ ಇಬ್ಬರನ್ನೂ ರಟ್ಟೆ ಹಿಡಿದು ಮೇಲೆಳೆದಳು. ಅವರು ಚಾವಣಿಯ ಕೆಳಗೆ ಬಂದು ನಿಂತದ್ದಷ್ಟೇ, ಸಮುದ್ರದ ಕಡೆ ಎಲ್ಲೋ ಸಿಡಿಲು ಬಿತ್ತು. ಖಾಲಿ ಕೊಳ ಒಂದು ಸಲ ಹಾಲಿನಂತೆ ಬೆಳ್ಳಗಾಗಿ ಮತ್ತೆ ಕಪ್ಪಾಯಿತು. "ಖಲಾಸ್" ಎಂದು ಝೊಹರಾ ಗೋಡೆಗೆ ಒರಗಿ ನಿಂತುಬಿಟ್ಟಳು. ದಪ್ಪ ಹನಿಗಳು ನೀರಿನ ಮೇಲೆ ಬೀಳತೊಡಗಿದವು.

ಪ್ಲಾಸ್ಟಿಕ್ ಬೆಂಚಿನ ಮೇಲೆ ಕೂರಿಸಿ ವಿನೋದಾ ಸುವರ್ಣಾಳ ತಲೆ ಒರೆಸಿದಳು. "ಅಷ್ಟು ಸೀಟಿ ಊದಿದ್ದು ಕೇಳ್ಲಿಲ್ವಾ ನಿಮಗೆ? ಗುಡುಗು ಸಹ?"

"ಏನೂ ಕೇಳಸ್ಲಿಲ್ರಿ. ಒಳಗ ಒಂದು ಸಪ್ಪಳ ಇತ್ತು, ಧಕ್ ಧಕ್ ಅಂತ. ನೀರಿನ ಮೋಟರ್ ಇರಬೇಕು ಅನ್ಕೊಂಡೆ. ಆಮ್ಯಾಲೆ ತಿಳೀತು, ನಂದಽ ಎದಿ."

ವಿನೋದಾ ಒರೆಸುತ್ತಲೇ ಇದ್ದಳು. ಸುವರ್ಣಾ ಮಳೆಯನ್ನು ನೋಡುತ್ತಾ ಮೆಲ್ಲಗೆ ಹೇಳಿದಳು: "ಹೊಟ್ಟಿಯಾಗ ಅಕಿಗೂ ಇದಽ ಕೇಳಸ್ತಿತ್ತು, ಹೌದಲ್ರಿ? ಅಷ್ಟ್ ಕತ್ತಲದಾಗ ಒಬ್ಬಾಕೀನ ಇದ್ಲು, ಒಬ್ಬಾಕೀನ ಹೋದ್ಲು ಅಂತ ದಿನಾ ಅಳತಿದ್ದೆ. ಒಬ್ಬಾಕೀನ ಇರಲಿಲ್ಲ ನೋಡ್ರಿ."

ವಿನೋದಾ ಟವೆಲನ್ನು ಅವಳ ಹೆಗಲಿಗೆ ಸುತ್ತಿ, ಪಕ್ಕದಲ್ಲಿ ಕುಳಿತಳು. ಮಳೆ ಬಿಸಿ ನೆಲದಿಂದ ಹಬೆ ಎಬ್ಬಿಸಿತು. ಕೊಳ, ಕುರ್ಚಿಗಳು, ಆಚೆಯ ಖರ್ಜೂರದ ಮರಗಳು ಎಲ್ಲವೂ ಆ ಹಬೆಯಲ್ಲಿ ಕರಗಿ ದೂರವಾದವು.

ಮಳೆ ನಿಂತಾಗ ಹೆಂಗಸರ ಹೊತ್ತು ಮುಗಿದಿತ್ತು. ಕರೆದೊಯ್ಯಲು ಬಂದ ಬಸವಕುಮಾರ ಕೊಳದ ಬಾಗಿಲಲ್ಲಿ ಇಣುಕಿ, ಗಾಬರಿಯಿಂದ ಒಳಗೆ ಬಂದು ಏನೋ ಕೇಳಲು ಬಾಯಿ ತೆರೆದ. ವಿನೋದಾ ಬೆರಳೆತ್ತಿ ತನ್ನ ತುಟಿಯ ಮೇಲಿಟ್ಟಳು. ಅವಳ ಹೆಗಲಿಗೆ ತಲೆ ಕೊಟ್ಟು, ಬಾಯಿ ಸ್ವಲ್ಪ ತೆರೆದು, ಸುವರ್ಣಾ ನಿದ್ದೆ ಹೋಗಿದ್ದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಕಾರಿನ ಕೀಲಿ ಸದ್ದಾಗದಂತೆ ಮುಷ್ಟಿಯಲ್ಲಿ ಬಿಗಿಹಿಡಿದು, ಇಸ್ತ್ರಿ ಮಾಡಿದ ಆಫೀಸಿನ ಪ್ಯಾಂಟಿನಲ್ಲೇ, ಹೆಂಡತಿಯ ಪಾದದ ಹತ್ತಿರ ಒದ್ದೆ ನೆಲದ ಮೇಲೆ ಕುಳಿತ.